‘ಪೇಷೆಂಟು ನಿಮಗೇನಾಗಬೇಕು?’: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ನಮಸ್ಕಾರ.

ಮಂಡ್ಯ ದಾಟಿ ಶ್ರೀರಂಗಪಟ್ಟಣದ ಕಡೆ ಹೋಗುವಾಗ, ಎಕ್ಸ್‌ಪ್ರೆಸ್‌ವೇ ಬೇಲಿಯ ಈಚೆಗೆ, ಸರ್ವಿಸ್ ರಸ್ತೆಯಲ್ಲಿ ನಮ್ಮದೊಂದು ಕ್ಯಾಂಟೀನ್ ಇದೆ. ತಗಡಿನ ಶೀಟಿನ ಅಂಗಡಿ. ಬೆಳಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಮುದ್ದೆ ಊಟ. ಸಂಜೆ ಬೋಂಡ, ಟೀ. ನಾನು ಮತ್ತು ನಮ್ಮ ಯಜಮಾನರು ಇಬ್ಬರೇ ನಡೆಸುವುದು. ಯಜಮಾನರ ಹತ್ತಿರ ಒಂದು ಗೂಡ್ಸ್ ಆಟೊ ಇದೆ. ಬೆಳಗಿನ ಜಾವ ಅದರಲ್ಲಿ ತರಕಾರಿ ಲೋಡು ಹೊಡೆದು ಬಂದು ಆಮೇಲೆ ಒಲೆ ಮುಂದೆ ನಿಲ್ಲುತ್ತಾರೆ.

ರಸ್ತೆ ಪಕ್ಕ ಬದುಕುವವರಿಗೆ ಅಪಘಾತ ಪೇಪರಿನ ಸುದ್ದಿಯಲ್ಲ, ಕಿವಿಗೆ ಬೀಳುವ ಸದ್ದು. ಬ್ರೇಕಿನ ಸದ್ದು ಕೇಳಿದ ಕೂಡಲೇ ನನ್ನ ಕೈ ನಿಲ್ಲುತ್ತದೆ. ಅದಾದ ಮೇಲೆ ಇನ್ನೊಂದು ಸದ್ದು ಬರುತ್ತದೋ ಇಲ್ಲವೋ ಅಂತ ಕಾಯುತ್ತೇನೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವಂತಿಲ್ಲ ಅಂತಾಯ್ತು. ಒಳ್ಳೆಯದೇ ಆಯ್ತು, ನೂರು ಕಿಲೋಮೀಟರ್ ವೇಗದ ಕಾರುಗಳ ನಡುವೆ ಬೈಕು ಇರಬಾರದು. ಆದರೆ ಅವೆಲ್ಲ ನಮ್ಮ ಸರ್ವಿಸ್ ರಸ್ತೆಗೆ ಬಂದವು. ಕಬ್ಬಿನ ಕಟಾವು ಶುರುವಾದರೆ ಜೋಡಿ ಟ್ರೈಲರಿನ ಟ್ರ್ಯಾಕ್ಟರುಗಳೂ ಅದೇ ರಸ್ತೆಯಲ್ಲಿ.

ಎರಡು ವರ್ಷದ ಹಿಂದೆ, ದಸರಾ ಕಳೆದು ಕೆಲವು ದಿನವಾಗಿತ್ತು. ರಾತ್ರಿ ಏಳೂವರೆ. ಕಬ್ಬು ತುಂಬಿದ ಒಂದು ಟ್ರೈಲರು ಪಂಚರ್ ಆಗಿ ನಮ್ಮ ಅಂಗಡಿಯಿಂದ ಸ್ವಲ್ಪ ದೂರದಲ್ಲಿ ನಿಂತಿತ್ತು. ಹಿಂದುಗಡೆ ದೀಪ ಇಲ್ಲ, ಕೆಂಪು ಸ್ಟಿಕ್ಕರೂ ಇಲ್ಲ. ಸುಮ್ನೆ ಒಂದು ಹೊಂಗೆ ಕೊಂಬೆ ಸಿಗಿಸಿದ್ದರು. ಕತ್ತಲಲ್ಲಿ ಕೊಂಬೆ ಯಾರಿಗೆ ಕಾಣುತ್ತದೆ? ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನು, ನೇರ ಹೋಗಿ ಅದಕ್ಕೆ ಗುದ್ದಿದ.

ನಾವು ಓಡಿಹೋದಾಗ ಅವನು ಕಬ್ಬಿನ ಜಲ್ಲೆಗಳ ನಡುವೆ ಬಿದ್ದಿದ್ದ. ತಲೆಯಿಂದ ರಕ್ತ. ಒಂದು ಕಾಲು ತಿರುಚಿಕೊಂಡಿತ್ತು. ಗಂಟಲಲ್ಲಿ ಗೊರಗೊರ ಸದ್ದು. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಹತ್ತಿರದ ಗಾಡಿ ಬೇರೆ ಕೇಸಿಗೆ ಹೋಗಿತ್ತು, ಬರಲು ಹೊತ್ತಾಗುತ್ತದೆ ಅಂದರು. ಟೀ ಕುಡಿಯುತ್ತಿದ್ದ ಫ್ಯಾಕ್ಟರಿ ಸೆಕ್ಯುರಿಟಿ ಅಣ್ಣ ಒಬ್ಬರು ಹೇಳಿದರು, ಕುತ್ತಿಗೆ ಅಲುಗಾಡಿಸಬೇಡಿ, ಹಲಗೆ ಮೇಲೆ ಮಲಗಿಸಿ ಅಂತ. ನೀರು ಕುಡಿಸಲು ಬಂದವರನ್ನೂ ಅವರೇ ತಡೆದರು. ನಮ್ಮ ಬೆಂಚಿನ ಹಲಗೆ ಹಗ್ಗದಲ್ಲಿ ಕಟ್ಟಿದ್ದು. ಯಜಮಾನರು ಹಗ್ಗ ಕುಯ್ದು ಹಲಗೆ ತಂದರು. ನಾಲ್ಕು ಜನ ಹಿಡಿದು ಆಟೊಗೆ ಹಾಕಿದರು. ಹಿಂದೆ ನಾನು ಕೂತೆ. ಅವನ ತಲೆ ಆ ಕಡೆ ಈ ಕಡೆ ಹೊರಳದ ಹಾಗೆ ಎರಡೂ ಮೊಣಕಾಲಿನ ನಡುವೆ ಹಿಡಿದುಕೊಂಡೆ. ದಾರಿಯುದ್ದಕ್ಕೂ ‘ಮಗ, ಉಸಿರಾಡು, ಉಸಿರಾಡು’ ಅಂತ ಹೇಳುತ್ತಲೇ ಇದ್ದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಯಾವ ಆಸ್ಪತ್ರೆ, ಯಾವ ಠಾಣೆ ಅಂತ ನಾನು ಬರೆಯುವುದಿಲ್ಲ. ಯಾರೋ ಒಬ್ಬರಿಗೆ ನೋಟಿಸ್ ಕೊಡಿಸುವುದು ನನ್ನ ಉದ್ದೇಶ ಅಲ್ಲ.

ಆಸ್ಪತ್ರೆಯಲ್ಲಿ ಹುಡುಗನನ್ನು ಒಳಗೆ ತೆಗೆದುಕೊಂಡರು, ಅದಕ್ಕೆ ಕೈಮುಗಿಯುತ್ತೇನೆ. ಆಮೇಲೆ ಕೌಂಟರಿನಲ್ಲಿ ನನ್ನನ್ನು ಕರೆದರು. ಮೊದಲ ಪ್ರಶ್ನೆ, ‘ಪೇಷೆಂಟು ನಿಮಗೇನಾಗಬೇಕು?’

‘ಏನೂ ಆಗಬೇಕಿಲ್ಲ. ರಸ್ತೆಯಲ್ಲಿ ಬಿದ್ದಿದ್ದ, ಕರ್ಕೊಂಡು ಬಂದೆವು.’

‘ಏನೂ ಆಗಬೇಕಿಲ್ಲ ಅಂದ್ರೆ ಸೈನ್ ಹಾಕೋರು ಯಾರು? ಅಡ್ವಾನ್ಸ್ ಕಟ್ಟೋರು ಯಾರು?’

ನನ್ನ ಸೀರೆ ಪೂರ್ತಿ ರಕ್ತ. ಸುತ್ತ ಇದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಯಜಮಾನರ ಜೇಬಿನಲ್ಲಿ ಆ ದಿನದ ವ್ಯಾಪಾರದ ದುಡ್ಡಿತ್ತು. ಅದನ್ನೇ ಕಟ್ಟಿದರು. ನಾನು ಸೈನ್ ಹಾಕಿದೆ. ಅದು ಯಾವ ಕಾಗದ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಅಪಘಾತ ಅಂದಮೇಲೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕೇಸು. ತಿಳಿಸಿದರು. ಬಂದವರು ಆಟೊ ಸುತ್ತ ಒಂದು ಸುತ್ತು ಬಂದರು. ಮುಂದಿನ ಬಂಪರ್ ಒಂದು ಕಡೆ ನೆಗ್ಗಿತ್ತು. ಅದು ಎರಡು ವರ್ಷದ ಹಳೇ ನೆಗ್ಗು, ಮಾರ್ಕೆಟಿನಲ್ಲಿ ರಿವರ್ಸ್ ಬಂದ ಇನ್ನೊಂದು ಗಾಡಿ ಮಾಡಿದ್ದು. ಹಿಂದೆ ಪೂರ್ತಿ ರಕ್ತ. ‘ಗುದ್ದಿದ್ದು ಯಾರು? ನೀನೇ ತಾನೇ? ಕೀ ಕೊಡು’ ಅಂದರು. ಟ್ರೈಲರಿಗೆ ಗುದ್ದಿದ್ದು ಅಂತ ಯಜಮಾನರು ಹೇಳಿದರೆ ‘ಎಲ್ಲಿದೆ ಟ್ರೈಲರು?’ ಅಂತ ಕೇಳಿದರು. ಅಷ್ಟು ಹೊತ್ತಿಗೆ ಅದರವರು ಟಯರು ಬದಲಾಯಿಸಿಕೊಂಡು ಹೊರಟುಹೋಗಿದ್ದರು. ಓಡಿಹೋದವನು ಮನೆಗೆ ಹೋದ. ನಿಂತವನು ಠಾಣೆಗೆ ಹೋದ.

ರಾತ್ರಿ ಹತ್ತೂವರೆಗೆ ಹುಡುಗನ ಮನೆಯವರು ಬಂದರು. ತಾಯಿ ಗೋಡೆ ಹಿಡಿದುಕೊಂಡು ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಕಡೆಯ ಹೆಂಗಸೊಬ್ಬರು ನನ್ನ ಹತ್ತಿರ ಬಂದು, ‘ಅವನ ಕುತ್ತಿಗೇಲಿ ಸರ ಇತ್ತು. ಎರಡೆಳೆ ಸರ. ಎಲ್ಲಿ?’ ಅಂದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಾಯಿ ಒಣಗಿಹೋಯಿತು. ‘ನಂಗೊತ್ತಿಲ್ಲ ಕಣಮ್ಮ’ ಅಂದೆ. ‘ತಲೆ ಹಿಡ್ಕೊಂಡು ಬಂದೋರು ನೀವೇ ಅಂತಲ್ಲ, ನಿಮಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?’ ಅಂದರು. ಆಸ್ಪತ್ರೆಯ ವರಾಂಡದಲ್ಲಿ, ಅಷ್ಟು ಜನರ ಮುಂದೆ ನಾನು ಸೆರಗು ಕೊಡವಿ ತೋರಿಸಿದೆ. ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಚೀಲ ಬಿಚ್ಚಿ ತೋರಿಸಿದೆ. ನಾನು ಬಡವಿ ಇರಬಹುದು. ಹದಿನಾರು ವರ್ಷದಿಂದ ಗಿರಾಕಿಗಳು ಮರೆತುಹೋದ ಮೊಬೈಲು, ಪರ್ಸು, ಒಂದು ಸಲ ಒಂದು ಬ್ಯಾಗು ತುಂಬ ದುಡ್ಡು, ಎಲ್ಲವನ್ನೂ ಎತ್ತಿಟ್ಟು ವಾಪಸ್ ಕೊಟ್ಟವಳು. ಆ ರಾತ್ರಿ ಅದು ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಸರ ಮರುದಿನ ಸಿಕ್ಕಿತು. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಯಾರೋ ಸಿಬ್ಬಂದಿ ಬಿಚ್ಚಿ, ಕವರಿನಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದರಂತೆ. ಅವರ ಡ್ಯೂಟಿ ಮುಗಿದು, ಇನ್ನೊಬ್ಬರು ಬಂದು, ಹೇಳಲು ಮರೆತಿದ್ದರು. ಸಿಕ್ಕಿತು ಅಂತ ಫೋನ್ ಮಾಡಿ ಹೇಳಿದರು. ಅಷ್ಟೇ. ಆ ಹೆಂಗಸಿನ ಮೇಲೆ ನನಗೆ ಕೋಪವಿಲ್ಲ. ಮನೆ ಮಗ ಐಸಿಯುನಲ್ಲಿ ಇದ್ದಾಗ ಯಾರ ಬುದ್ಧಿ ಸರಿ ಇರುತ್ತದೆ? ಆದರೆ ಒಂದು ಚೀಟಿ ಬರೆದಿದ್ದರೆ ಸಾಕಾಗಿತ್ತು ಅಲ್ವಾ?

ಆಟೊ ನಾಲ್ಕು ದಿನ ಠಾಣೆ ಮುಂದೆ ನಿಂತಿತ್ತು. ನಾಲ್ಕೂ ದಿನ ಯಜಮಾನರನ್ನು ಕರೆಸಿದರು. ‘ಸ್ವಲ್ಪ ಬಂದು ಹೋಗಿ’ ಅನ್ನುವರು. ಹೋದರೆ ಸಾಯಂಕಾಲದವರೆಗೆ ಬೆಂಚಿನ ಮೇಲೆ. ಅದೇ ಹೇಳಿಕೆ ಮತ್ತೆ ಮತ್ತೆ. ಮಹಜರಿಗೆ ಒಂದು ಸಲ, ಸಹಿ ಸರಿಯಾಗಿಲ್ಲ ಅಂತ ಇನ್ನೊಂದು ಸಲ. ಐದನೇ ದಿನ ಹುಡುಗನಿಗೆ ಎಚ್ಚರವಾಯಿತು. ‘ಟ್ರೈಲರು ಕಾಣಲಿಲ್ಲ, ಹೋಗಿ ಗುದ್ದಿಬಿಟ್ಟೆ’ ಅಂತ ಅವನೇ ಹೇಳಿದ. ಆಗ ಕೀ ಕೊಟ್ಟರು. ಹುಡುಗ ಬದುಕಿದ, ನಮಗೂ ಅದೇ ಸಂತೋಷ. ಆದರೆ ಅವನಿಗೆ ಎಚ್ಚರವಾಗದೇ ಹೋಗಿದ್ದರೆ ನಮ್ಮ ಯಜಮಾನರ ಗತಿ ಏನಾಗುತ್ತಿತ್ತು? ಈ ಪ್ರಶ್ನೆ ನನಗೆ ಇವತ್ತಿಗೂ ನಿದ್ದೆಗೆಡಿಸುತ್ತದೆ.

ಇನ್ನೊಂದು ಮಾತು. ಇದನ್ನು ಹೆಂಗಸರು ಹೇಳಿಕೊಳ್ಳುವುದಿಲ್ಲ, ನಾನು ಹೇಳುತ್ತೇನೆ. ಈರುಳ್ಳಿ ಹೆಚ್ಚಿ ಹೆಚ್ಚಿ ನನ್ನ ಬೆರಳಲ್ಲಿ ಯಾವಾಗಲೂ ಗಾಯ ಇರುತ್ತದೆ. ಆ ಗಾಯದ ಕೈಯಲ್ಲೇ ಅವನ ರಕ್ತ ಒತ್ತಿ ಹಿಡಿದಿದ್ದೆ. ಮೂರು ವಾರ ಆದಮೇಲೆ ನಮ್ಮೂರ ನರ್ಸಮ್ಮ ಮಾತಿನ ನಡುವೆ, ‘ಟೆಸ್ಟ್ ಮಾಡಿಸ್ದಾ ಅಕ್ಕ?’ ಅಂತ ಕೇಳಿದರು. ಆಗಲೇ ನನಗೆ ಗೊತ್ತಾಗಿದ್ದು. ಗಾಯವಿಲ್ಲದ ಚರ್ಮಕ್ಕೆ ರಕ್ತ ತಾಗಿದರೆ ಸೋಪಿನಲ್ಲಿ ಚೆನ್ನಾಗಿ ತೊಳೆದರೆ ಸಾಕು. ಗಾಯಕ್ಕೆ ತಾಗಿದ್ದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ ಇದೆ, ಅದನ್ನು 72 ಗಂಟೆಯ ಒಳಗೆ ಶುರು ಮಾಡಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಹೆಪಟೈಟಿಸ್ ಬಿ ಗೆ ಲಸಿಕೆ ಇದೆ. ನಾನು ರಕ್ತದಲ್ಲಿ ನೆಂದು ಆಸ್ಪತ್ರೆಯ ಒಳಗೇ ಮೂರು ಗಂಟೆ ನಿಂತಿದ್ದೆ. ಸೈನ್ ಕೇಳಿದರು, ದುಡ್ಡು ಕೇಳಿದರು, ಸರ ಕೇಳಿದರು. ನಿನ್ನ ಕೈಗೇನಾದರೂ ಆಗಿದೆಯೇನಮ್ಮ ಅಂತ ಒಬ್ಬರೂ ಕೇಳಲಿಲ್ಲ. ಟೆಸ್ಟು ಮಾಡಿಸಿದೆ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದೆ. ಏನೂ ಇರಲಿಲ್ಲ. ಆದರೆ ಆ ಮೂರು ತಿಂಗಳು ನಾನು ಹೇಗೆ ಕಳೆದೆ ಅಂತ ಮನೆಯವರಿಗೂ ಹೇಳಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾಗಿರುವುದಕ್ಕೆ ಬರುತ್ತೇನೆ.

ಈ ವರ್ಷ ಯುಗಾದಿ ಆದ ಮೇಲೆ, ಒಂದು ಬೆಳಗ್ಗೆ ಆರೂವರೆಗೆ, ಡೇರಿಗೆ ಹಾಲು ಹಾಕಲು ಹೋಗುತ್ತಿದ್ದ ತಾತ ಒಬ್ಬರು ಎಕ್ಸೆಲ್ ಗಾಡಿಯಿಂದ ಬಿದ್ದರು. ಯಾವುದೋ ವ್ಯಾನು ತಾಗಿಸಿಕೊಂಡು ನಿಲ್ಲದೆ ಹೋಯಿತು. ಕ್ಯಾನು ಉರುಳಿ ಹಾಲು ಟಾರಿನ ಮೇಲೆ ಹರಿಯಿತು. ನಮ್ಮ ಅಂಗಡಿಯಿಂದ ಅವರವರೆಗೆ ಐವತ್ತು ಹೆಜ್ಜೆ. ನಾನು ಇಡ್ಲಿ ಪಾತ್ರೆ ಮುಂದೆ ನಿಂತಿದ್ದೆ. ಯಜಮಾನರು, ‘ಬ್ಯಾಡ, ಒಳಗೆ ಬಾ’ ಅಂದರು.

ನಾನು ಒಳಗೂ ಹೋಗಲಿಲ್ಲ, ಅಲ್ಲಿಗೂ ಹೋಗಲಿಲ್ಲ. ಬಾಗಿಲಲ್ಲೇ ನಿಂತೆ. ಆಂಬುಲೆನ್ಸಿಗೆ ಫೋನ್ ಮಾಡಿದೆ, ಅಷ್ಟು ಮಾತ್ರ ಮಾಡಿದೆ. ಹದಿನೈದು ಇಪ್ಪತ್ತು ಜನ ಸುತ್ತ ನಿಂತಿದ್ದರು. ಇಬ್ಬರು ವಿಡಿಯೊ ಮಾಡುತ್ತಿದ್ದರು. ಅವರನ್ನು ಬೈಯುವ ಯೋಗ್ಯತೆ ಅವತ್ತು ನನಗಿರಲಿಲ್ಲ. ತಾತ ಒಂದು ಕೈ ಎತ್ತಿ ಎತ್ತಿ ಇಳಿಸುತ್ತಿದ್ದರು. ನಮ್ಮ ಬೆಂಚಿನ ಹಲಗೆ ಅಲ್ಲೇ ಇತ್ತು. ಆದರೆ ಹಿಂದಿನ ಗಲಾಟೆ ಆದಮೇಲೆ ಯಜಮಾನರು ಅದಕ್ಕೆ ಮೊಳೆ ಹೊಡೆದುಬಿಟ್ಟಿದ್ದರು. ಸುಮಾರು ಕಾಲು ಗಂಟೆ ಆದಮೇಲೆ ಕಾಲೇಜು ಹುಡುಗರ ಒಂದು ಕಾರು ನಿಂತಿತು. ಅವರು ಎತ್ತಿ ಹಾಕಿಕೊಂಡು ಹೋದರು. ಆ ತಾತ ಉಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರನ್ನು ಕೇಳಲಿ? ಕೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ?

ನಮ್ಮ ಜನಕ್ಕೆ ಕರುಣೆ ಇಲ್ಲ ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2018ರ ನವೆಂಬರ್ 24 ಮಂಡ್ಯದವರು ಯಾರೂ ಮರೆಯುವ ದಿನವಲ್ಲ. ಅವತ್ತು ರಾತ್ರಿಯೇ ಅಂಬರೀಶ್ ಅವರೂ ಹೋದರು. ಅದೇ ದಿನ ಹಗಲು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಹೋದರು. ಶನಿವಾರ, ಸ್ಕೂಲು ಬಿಟ್ಟು ಬರುತ್ತಿದ್ದ ಮಕ್ಕಳೂ ಇದ್ದರು. ಅವತ್ತು ಮೊದಲು ಓಡಿಬಂದು ನೀರಿಗೆ ಇಳಿದವರು ಅಕ್ಕಪಕ್ಕದ ಊರಿನವರೇ, ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರೇ. ನಮ್ಮ ಜಿಲ್ಲೆಯ ಜನ ಅಂಥವರು. ಆ ಜನವೇ ಇವತ್ತು ರಸ್ತೆಯಲ್ಲಿ ಕೈಕಟ್ಟಿ ನಿಲ್ಲುತ್ತಾರೆ ಅಂದರೆ ಅದಕ್ಕೊಂದು ಕಾರಣ ಇರಬೇಕು. ನಮ್ಮ ಯಜಮಾನರು ನಾಲ್ಕು ದಿನ ಠಾಣೆಯಲ್ಲಿ ಕೂತದ್ದನ್ನು ಇಡೀ ಊರು ನೋಡಿತು. ಅವತ್ತು ಹಲಗೆ ಹಿಡಿದ ನಾಲ್ಕು ಜನರೂ ನೋಡಿದರು. ತಾತ ಬಿದ್ದಾಗ ಆ ನಾಲ್ವರಲ್ಲಿ ಇಬ್ಬರು ನಮ್ಮ ಅಂಗಡಿಯಲ್ಲೇ ಇದ್ದರು. ಅವರೂ ಎದ್ದು ಹೋಗಲಿಲ್ಲ.

2013ರಲ್ಲಿ ಸೇವ್‌ಲೈಫ್ ಫೌಂಡೇಶನ್ ಅನ್ನುವ ಸಂಸ್ಥೆ ದೇಶದ ಹಲವು ಊರುಗಳಲ್ಲಿ ಕೇಳಿ ನೋಡಿತಂತೆ. ನೂರಕ್ಕೆ 74 ಜನ, ನಾವು ಹೋಗಿ ಎತ್ತುವುದು ಅನುಮಾನ ಅಂದರು. ಹಾಗೆ ಹೇಳಿದವರಲ್ಲಿ ನೂರಕ್ಕೆ 88 ಜನ ಕೊಟ್ಟ ಕಾರಣ ಪೊಲೀಸು, ಕೋರ್ಟಿನ ತೊಂದರೆ. ಇದನ್ನು ನನಗೆ ಹೇಳಿದವರು ನಮ್ಮಲ್ಲಿ ತಿಂಡಿ ತಿಂದು ಕೋರ್ಟಿಗೆ ಹೋಗುವ ಒಬ್ಬ ವಕೀಲರು. ತಾತನ ವಿಷಯ ಅವರ ಮುಂದೆ ಹೇಳಿಕೊಂಡು ಅತ್ತಿದ್ದೆ. ಅವರು ತಟ್ಟೆ ಪಕ್ಕಕ್ಕಿಟ್ಟು ಅರ್ಧ ಗಂಟೆ ಕೂತು ಕಾನೂನು ಹೇಳಿಕೊಟ್ಟರು. ನಾನು ಎಸ್ಸೆಸ್ಸೆಲ್ಸಿ. ಮಗಳು ಡಿಗ್ರಿ ಓದುತ್ತಿದ್ದಾಳೆ, ಆಮೇಲೆ ಅವಳು ಮೊಬೈಲಿನಲ್ಲಿ ಎಲ್ಲ ಹುಡುಕಿ ಓದಿ ಹೇಳಿದಳು. ಕೇಳುತ್ತಾ ಕೇಳುತ್ತಾ ನನಗೆ ಸಮಾಧಾನಕ್ಕಿಂತ ಸಂಕಟವೇ ಜಾಸ್ತಿ ಆಯಿತು.

ಯಾಕೆಂದರೆ ಎಲ್ಲವೂ ಆಗಲೇ ಬರೆದಿಟ್ಟಿದ್ದಾರೆ. ಪೊಲೀಸ್ ಕಾಗದಕ್ಕಿಂತ ಮೊದಲು ಜೀವ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಡಾಕ್ಟರುಗಳಿಗೆ ಹೇಳಿದೆ. ಗಾಯಾಳುವನ್ನು ತಂದವರಿಗೆ ತೊಂದರೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2015ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲರೂ ಪಾಲಿಸಲೇಬೇಕು ಅಂತ ಅದೇ ಕೋರ್ಟ್ 2016ರ ಮಾರ್ಚ್ 30ರಂದು ತೀರ್ಪು ಕೊಟ್ಟಿತು. ಇದಕ್ಕಾಗಿ ತನ್ನದೇ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕವಂತೆ. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಹೊಸ ಕಲಂ ಸೇರಿಸಿದರು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವಾಗ ಕೈತಪ್ಪಿ ಗಾಯಾಳುವಿಗೆ ಏನಾದರೂ ಆದರೂ ಸಹಾಯ ಮಾಡಿದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಅದರ ನಿಯಮಗಳೂ ಬಂದವು. ತಂದವರ ಹೆಸರು, ವಿಳಾಸ ಬಲವಂತವಾಗಿ ಕೇಳುವಂತಿಲ್ಲ. ಸಾಕ್ಷಿ ಹೇಳುವುದೂ ಅವರ ಇಷ್ಟ. ಹೇಳುತ್ತೇನೆ ಅಂದರೆ ಒಂದೇ ಸಲಕ್ಕೆ ಪೂರ್ತಿ ಹೇಳಿಕೆ ತೆಗೆದುಕೊಳ್ಳಬೇಕು. ಅದೂ ಅವರಿಗೆ ಅನುಕೂಲವಾದ ಜಾಗದಲ್ಲಿ, ಮನೆಗೋ ಅಂಗಡಿಗೋ ಬಂದು. ಹಾಗೆ ಬರುವಾಗ ಯೂನಿಫಾರ್ಮ್ ಹಾಕಿರಬಾರದು ಅಂತ ಕೂಡ ಬರೆದಿದ್ದಾರೆ. ಮನೆ ಮುಂದೆ ಪೊಲೀಸ್ ಬಂದರೆ ಊರು ಏನು ಮಾತಾಡುತ್ತದೆ ಅನ್ನುವುದು ಈ ನಿಯಮ ಬರೆದವರಿಗೆ ಗೊತ್ತಿತ್ತು! ಯಾರೋ ನಮ್ಮಂಥವರ ಕಷ್ಟ ಅರಿತೇ ಬರೆದಿದ್ದಾರೆ. ಈ ಪತ್ರದಲ್ಲಿ ನನ್ನ ಹೆಸರು ಹಾಕದಿರುವುದಕ್ಕೂ ಆ ನಿಯಮವೇ ಧೈರ್ಯ.

ಆದರೆ ಆ ಸೇವ್‌ಲೈಫ್ ಸಂಸ್ಥೆಯವರೇ 2018ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 84 ಜನಕ್ಕೆ ಇಂಥದ್ದೊಂದು ರಕ್ಷಣೆ ಇದೆ ಅಂತಲೇ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಆ ರಾತ್ರಿ ಕೌಂಟರಿನಲ್ಲಿ ಕೂತಿದ್ದ ಹುಡುಗನಿಗೂ ಗೊತ್ತಿರಲಿಲ್ಲ ಅಂತಲೇ ನನಗನ್ನಿಸುತ್ತದೆ. ಅವನೇನು ಕೆಟ್ಟವನಲ್ಲ. ಯಾರು ಬಂದರೂ ಕೇಳು ಅಂತ ಹೇಳಿಕೊಟ್ಟ ಪ್ರಶ್ನೆ ಕೇಳಿದ.

ಪೊಲೀಸರ ಕಷ್ಟವೂ ನನಗೆ ಅರ್ಥವಾಗುತ್ತದೆ. ಗುದ್ದಿದವನೇ ‘ನಾನು ಸಹಾಯಕ್ಕೆ ಬಂದವನು’ ಅಂತ ಸುಳ್ಳು ಹೇಳಬಹುದು. ಅದನ್ನು ಪತ್ತೆ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅವತ್ತು ಅಪಘಾತ ಆದ ಜಾಗದಲ್ಲಿ ಮುರಿದ ಕಬ್ಬು ಬಿದ್ದಿತ್ತು. ಬೈಕಿನ ಮುಂಭಾಗ ನಜ್ಜುಗುಜ್ಜಾಗಿತ್ತು. ನಮ್ಮ ಬಂಪರಿನ ನೆಗ್ಗಿಗೆ ತುಕ್ಕು ಹಿಡಿದಿತ್ತು. ಅಷ್ಟು ನೋಡಿದ್ದರೆ ಸಾಕಿತ್ತು. ಇನ್ನು ಗುದ್ದಿದವನೇ ಆಸ್ಪತ್ರೆಗೆ ತಂದರೂ ಅವನು ಕಾನೂನು ಹೇಳಿದ ಕೆಲಸವನ್ನೇ ಮಾಡಿದ್ದಾನೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಡ್ರೈವರಿನ ಕರ್ತವ್ಯ ಅಂತ 134ನೇ ಕಲಂ ಹೇಳುತ್ತದೆ. ಜನರ ಗುಂಪು ರೊಚ್ಚಿಗೆದ್ದು ಅದು ಸಾಧ್ಯವಾಗದಿದ್ದರೆ ಅನ್ನುವ ಮಾತೂ ಅದರಲ್ಲೇ ಇದೆ. ನಮ್ಮ ಕಡೆ ಮೊದಲು ಡ್ರೈವರಿಗೆ ನಾಲ್ಕು ಬಿಟ್ಟು ಆಮೇಲೆ ಗಾಯಾಳು ಕಡೆ ತಿರುಗುತ್ತಾರೆ. ಗಾಡಿ ನಿಲ್ಲಿಸಿ ಇಳಿದುಬಂದ ಬೇರೆ ಡ್ರೈವರಿಗೂ ಏಟು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಮಾತ್ರ ನಿಮಗಲ್ಲ, ನನ್ನ ಊರಿನ ಜನಕ್ಕೇ ಹೇಳುತ್ತಿದ್ದೇನೆ. ದಯವಿಟ್ಟು ನಿಲ್ಲಿಸಿ.

ದುಡ್ಡಿನ ಭಯವೂ ಈಗ ಇರಬೇಕಾಗಿಲ್ಲ. ತಂದವರ ಹತ್ತಿರ ಅಡ್ವಾನ್ಸ್ ಕೇಳುವಂತಿಲ್ಲ. 2016ರಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾದರೂ ನನ್ನ ಅಂಗಾಂಗ ದಾನ ಮಾಡಿ ಅಂದ ಹರೀಶ್ ಅವರ ಹೆಸರಲ್ಲಿ ನಮ್ಮ ರಾಜ್ಯ ಸರ್ಕಾರ ಯೋಜನೆ ತಂದಿತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆ. 2025ರ ಮೇ ತಿಂಗಳಲ್ಲಿ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಬಂತು. ಏಳು ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷದವರೆಗೆ. ಸಹಾಯ ಮಾಡಿದವರಿಗೆ ಬಹುಮಾನವೂ ಇದೆ. 2021ರಲ್ಲಿ 5,000 ಇತ್ತು, ಈಗ 25,000 ರೂಪಾಯಿ. ಬೇಡ ಅನ್ನುವುದಿಲ್ಲ, ಸಂತೋಷ. ಆದರೆ ಬಹುಮಾನಕ್ಕೆ ಹೆಸರು ಕೊಡಬೇಕು, ಪೊಲೀಸರ ಮೂಲಕವೇ ಹೋಗಬೇಕು. ಠಾಣೆಯ ಮೆಟ್ಟಿಲಿಗೇ ಹೆದರಿದವರು ಬಹುಮಾನಕ್ಕೆ ಅಂತ ಅದೇ ಮೆಟ್ಟಿಲು ಹತ್ತುತ್ತಾರಾ? ಅವತ್ತು ನನಗೆ 25,000 ಬೇಕಿರಲಿಲ್ಲ. ಕೈ ತೊಳೆಯಲು ಒಂದು ಸೋಪು, ಕೂರಲು ಒಂದು ಕುರ್ಚಿ, ‘ನೀವಿನ್ನು ಹೊರಡಿ’ ಅನ್ನುವ ಒಂದು ಮಾತು ಬೇಕಿತ್ತು.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ನೀವೇ ಅಧ್ಯಕ್ಷರು ಅಂತ ವಕೀಲರು ಹೇಳಿದರು. ಹಾಗಾಗಿ ಜಿಲ್ಲಾಧಿಕಾರಿಗಳೇ, ನಿಮ್ಮನ್ನು ಕೇಳುತ್ತೇನೆ.

ಮೊದಲನೆಯದು ಆ ಸರದ ವಿಷಯ. ಗೊತ್ತಿಲ್ಲದ ಗಾಯಾಳುವನ್ನು ಯಾರಾದರೂ ತಂದಾಗ ಮೈಮೇಲಿನ ಒಡವೆ, ಪರ್ಸು, ಮೊಬೈಲು ಏನೇನಿದೆ ಅಂತ ಅಲ್ಲೇ, ತಂದವರ ಕಣ್ಣೆದುರೇ ಬರೆದು ಒಂದು ಚೀಟಿ ಕೊಡಲಿ. ಹೆಸರು ಬೇಡ. ಇಂಥ ಜಾಗದಿಂದ, ಇಷ್ಟು ಗಂಟೆಗೆ ತಂದುಬಿಟ್ಟರು ಅಂತ ಬರೆದರೆ ಸಾಕು. ತಂದವರು ಕೇಳಿದರೆ ಬರವಣಿಗೆಯಲ್ಲಿ ಕೊಡಬೇಕು ಅಂತ 2015ರ ಮಾರ್ಗಸೂಚಿಯಲ್ಲಿ ಇದೆಯಂತೆ. ಅದಕ್ಕೆ ಒಡವೆಯ ಸಾಲು ಒಂದನ್ನು ಸೇರಿಸಿ. ಜೈಲಿಗೆ ಹೋಗುವ ಭಯಕ್ಕಿಂತ ಕಳ್ಳಿ ಅನ್ನಿಸಿಕೊಳ್ಳುವ ಭಯ ನಮ್ಮಂಥ ಹೆಂಗಸರನ್ನು ಜಾಸ್ತಿ ತಡೆಯುತ್ತದೆ. ಯಾವ ಸರ್ವೆಯಲ್ಲೂ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ತಂದವರ ಹಕ್ಕುಗಳ ಬೋರ್ಡು ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ನಿಯಮದಲ್ಲೇ ಇದೆ. ನೀವು ಒಂದು ದಿನ ಮುಂಚೆ ಹೇಳದೆ ಹೋಗಿ ನೋಡಿ. ಎಮರ್ಜೆನ್ಸಿ ಬಾಗಿಲ ಹತ್ತಿರ, ಗಾಬರಿಯಲ್ಲಿ ಓಡಿಬಂದವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ ಇದೆಯಾ ಅಂತ. ಯಾರಿಗೆ ದೂರು ಕೊಡಬೇಕು ಅನ್ನುವ ಫೋನ್ ನಂಬರೂ ಅದರಲ್ಲಿರಲಿ. ಅದರ ಕೆಳಗೆ ರಕ್ತ ತಾಗಿದ್ದರೆ ಒಳಗೆ ಹೇಳಿ ಅಂತ ಒಂದು ಸಾಲು ಸೇರಿಸಿ. ಕೌಂಟರಿನಲ್ಲಿ ಕೂರುವವರಿಗೆ ಮೊದಲ ಪ್ರಶ್ನೆ ಬದಲಾಯಿಸಿ ಕಲಿಸಿ. ‘ನಿಮಗೇನಾಗಬೇಕು’ ಬೇಡ. ‘ಎಲ್ಲಿ ಆಯಿತು, ಎಷ್ಟು ಹೊತ್ತಾಯಿತು’ ಅಂತ ಕೇಳಲಿ. ಡಾಕ್ಟರಿಗೂ ಬೇಕಾಗಿರುವುದು ಅದೇ ತಾನೇ?

ಎಸ್ಪಿ ಅವರಲ್ಲಿ ಕೇಳುವುದು ಇಷ್ಟೇ. ಈ ನಿಯಮ ಮೇಲಿನ ಅಧಿಕಾರಿಗಳಿಗೆ ಗೊತ್ತಿರುತ್ತದೆ. ರಾತ್ರಿ ಡ್ಯೂಟಿಯ ಪೇದೆಗೆ, ಠಾಣೆ ರೈಟರಿಗೆ ಗೊತ್ತಾಗಲಿ. ನಮ್ಮಂಥವರು ನೋಡುವುದು ಅವರ ಮುಖವನ್ನೇ.

ಇನ್ನೊಂದು ಭಯ ಇದೆ, ಅದು ಕಾನೂನಿಗೆ ಸಂಬಂಧಿಸಿದ್ದಲ್ಲ. ಬೇಲಿ ಹಾರಿ ಎಕ್ಸ್‌ಪ್ರೆಸ್‌ವೇ ಮೇಲೆ ಸಹಾಯಕ್ಕೆ ಓಡುವ ನಮ್ಮ ಹುಡುಗರನ್ನು ನೋಡಿದರೆ ಎದೆ ನಡುಗುತ್ತದೆ. 2023ರ ಜುಲೈನಲ್ಲಿ ಅಹಮದಾಬಾದಿನ ಒಂದು ಮೇಲ್ಸೇತುವೆ ಮೇಲೆ ರಾತ್ರಿ ಅಪಘಾತವಾಗಿ ಜನ ಸೇರಿದ್ದರು. ವೇಗವಾಗಿ ಬಂದ ಕಾರು ಆ ಗುಂಪಿಗೇ ನುಗ್ಗಿ 9 ಜನ ಸತ್ತರು. ಡ್ಯೂಟಿಗೆ ಬಂದಿದ್ದ ಪೊಲೀಸರೂ ಅದರಲ್ಲಿ ಸೇರಿದ್ದರು. ಹೇಗೆ ಹೋಗಬೇಕು ಅನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ಒಬ್ಬ ಹಿಂದಕ್ಕೆ ಹೋಗಿ ಟಾರ್ಚು ಬೀಸಬೇಕು, ನಿಂತ ಗಾಡಿಯ ನಾಲ್ಕೂ ಇಂಡಿಕೇಟರ್ ಹಾಕಬೇಕು, ಎತ್ತಲು ಬೇಕಾದಷ್ಟು ಜನ ಬಿಟ್ಟು ಉಳಿದವರು ರಸ್ತೆ ಬಿಟ್ಟು ಆಚೆ ನಿಲ್ಲಬೇಕು. ಪೆಟ್ರೋಲ್ ವಾಸನೆ ಬಂದರೆ ಬೀಡಿ ಸಿಗರೇಟು ದೂರ. ಇಷ್ಟು ನನಗೆ ಗೊತ್ತಾದದ್ದೂ ಆ ಸೆಕ್ಯುರಿಟಿ ಅಣ್ಣನಿಂದ.

ರಸ್ತೆ ಪಕ್ಕದ ನಮ್ಮನ್ನು ಒಂದು ದಿನ ಕೂರಿಸಿ ಕಲಿಸಿ. ಎಳನೀರು ಮಾರುವವರು, ಪಂಚರ್ ಅಂಗಡಿಯವರು, ಕ್ಯಾಂಟೀನಿನವರು, ಗೂಡ್ಸ್ ಆಟೊದವರು. ಮದ್ದೂರಿನಿಂದ ಗಣಂಗೂರು ಟೋಲಿನವರೆಗೆ ಎಷ್ಟು ಜನ ಇದ್ದೇವೆ! 108ರ ಗಾಡಿ ಬರುವುದಕ್ಕೆ ಮೊದಲು ಅಲ್ಲಿರುವವರು ನಾವೇ. ಒಂದು ಡಬ್ಬಿ ಗ್ಲೌಸು, ಒಂದು ಮಿಂಚುವ ಜಾಕೆಟ್ಟು, ಮಡಚುವ ಸ್ಟ್ರೆಚರು ಕೊಡಿಸಿದರೆ ನಮ್ಮ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇವೆ. ಹಾಗೇ ಕಬ್ಬಿನ ಟ್ರೈಲರುಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಕಾರ್ಖಾನೆ ಗೇಟಿನಲ್ಲೇ ನಿಂತು ಅಂಟಿಸಿದರೆ ಎಷ್ಟು ಹೊತ್ತಿನ ಕೆಲಸ?

ವಕೀಲರು ಹೇಳಿದ್ದನ್ನು ಮಗಳು ಒಂದು ರಟ್ಟಿನ ಮೇಲೆ ಬರೆದು ನಮ್ಮ ಕ್ಯಾಂಟೀನಿನ ಗೋಡೆಗೆ ಕಟ್ಟಿದ್ದಾಳೆ. ಟೀ ಕುಡಿಯುತ್ತಾ ಜನ ಓದುತ್ತಾರೆ. ‘ಇದು ನಿಜವಾ ಅಕ್ಕ?’ ಅಂತ ಕೇಳುತ್ತಾರೆ. ನಿಜ ಅಂತ ಹೇಳುತ್ತೇನೆ. ಆಸ್ಪತ್ರೆಯ ಬಾಗಿಲಲ್ಲೂ ಅದೇ ಬೋರ್ಡು ಇದ್ದರೆ ನನ್ನ ಮಾತು ನಂಬುತ್ತಾರೆ.

ಹೋದ ವಾರ ನಮ್ಮ ಯಜಮಾನರು ಯಾರೂ ಹೇಳದೇ ಬೆಂಚಿನ ಮೊಳೆ ಕಿತ್ತರು. ಹಲಗೆಯನ್ನು ಮತ್ತೆ ಹಗ್ಗದಲ್ಲಿ ಕಟ್ಟಿದ್ದಾರೆ. ಈ ಸಲ ಎಳೆದರೆ ಬಿಚ್ಚುವ ಗಂಟು ಹಾಕಿದ್ದಾರೆ.

ಇಂತಿ ನಮಸ್ಕಾರಗಳೊಂದಿಗೆ,
ಸರ್ವಿಸ್ ರಸ್ತೆಯ ಕ್ಯಾಂಟೀನಿನವಳು
ಮಂಡ್ಯ ಜಿಲ್ಲೆ